ಅರ್ಧ ಗಂಟೆಯ ಅಡುಗೆ

ದಿನವಿಡೀ ದುಡಿದು ಸಂಜೆ ಮನೆಗೆ ಮರಳುವ ಕುಟುಂಬದ ಮುಂದೆ ದಿನದಿನವೂ ಬಂದು ನಿಲ್ಲುವ ಪ್ರಶ್ನೆಯೊಂದುಂಟು: ಹಸಿದ ಮಕ್ಕಳು ಪುಸ್ತಕದ ಮೇಲೆಯೇ ತೂಕಡಿಸುವುದಕ್ಕೆ ಮೊದಲು ಅಡುಗೆ ಆಗುವ ಬಗೆ ಹೇಗೆ? ಗಂಡಹೆಂಡಿರಿಬ್ಬರೂ ಹೊರಗೆ ದುಡಿಯುವ ಮನೆಯಲ್ಲಿ ಒಲೆ ಹೊತ್ತುವುದೇ ಏಳು ಗಂಟೆಗೆ. ಅಂದಿನಿಂದ ತಟ್ಟೆ ಹಾಕುವವರೆಗಿನ ಕಾಲವನ್ನು ಯಾವ ಸಂಗತಿಗಳು ನಿರ್ಧರಿಸುತ್ತವೆ? ಹೀಗೆ ಕೇಳಿದರೆ ಬಹುಮಂದಿ 'ಉರಿ ಜೋರಾಗಿರಬೇಕು' ಎಂದು ಉತ್ತರ ಕೊಡುತ್ತಾರೆ. ಭೌತವಿಜ್ಞಾನದ ದೃಷ್ಟಿಯಿಂದ ಈ ಉತ್ತರ ಅಡುಗೆಯ ಮೊದಲ ಕೆಲವು ನಿಮಿಷಗಳಿಗೆ ಮಾತ್ರ ಸಲ್ಲುತ್ತದೆ. ನೀರು ಒಮ್ಮೆ ಕುದಿಯತೊಡಗಿತೆಂದರೆ ಆಮೇಲಿನ ಕಾಲವನ್ನು ನಿರ್ಧರಿಸುವ ಸಂಗತಿಗಳು ಎರಡು. ಆ ನೀರಿನ ಉಷ್ಣತೆ ಎಷ್ಟು ಎಂಬುದು ಒಂದು; ಕಾಳಿನ, ಹೋಳಿನ ಅಥವಾ ಹಿಟ್ಟಿನ ಒಡಲನ್ನು ಸೇರಲು ಶಾಖವು ಎಷ್ಟು ದೂರ ನಡೆಯಬೇಕು ಎಂಬುದು ಇನ್ನೊಂದು. ಬೇಗನೆ ಆಗುವ ಅಡುಗೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ, ಅವುಗಳ ಗುಟ್ಟು ಈ ಎರಡರಲ್ಲೊಂದರಲ್ಲಿ ಅಡಗಿರುವುದು ಕಂಡುಬರುತ್ತದೆ.

ಇದನ್ನು ವಿವರಿಸಲು ನಾವು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಟಿಬೆಟನ್ ಕಾಲೊನಿಯನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಹಿಮಾಲಯವನ್ನು ದಾಟಿ ಬಂದರು. ಆಗಿನ ಮೈಸೂರು ರಾಜ್ಯವು ಅವರಿಗೆ ನೆಲವನ್ನು ಕೊಟ್ಟಿತು. ಮೊದಲು ಬೈಲಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡದಲ್ಲಿಯೂ ಅವರ ನೆಲೆಗಳು ಏರ್ಪಟ್ಟವು. ಮುಂಡಗೋಡದ ನೆಲೆಗೆ ಡೋಗುಲಿಂಗ್ ಎಂದು ಹೆಸರು. ಕಾಡು ಕಡಿದು ಮಾಡಿದ ಹೊಲಗಳಲ್ಲಿ ಭತ್ತ, ಗೋವಿನಜೋಳಗಳನ್ನು ಬೆಳೆಯಲು ಅವರು ಕಲಿತರು. ಲ್ಹಾಸಾ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರು ಎತ್ತರದಲ್ಲಿ. ಮುಂಡಗೋಡ ಇರುವುದು ಆರುನೂರು ಮೀಟರಿಗೂ ತುಸು ಕೆಳಗೆ. ಒಂದೇ ಜನ, ಒಂದೇ ಬಗೆಯ ಅಡುಗೆ, ಎರಡು ಬೇರೆ ಬೇರೆ ವಾಯುಭಾರಗಳು! ಭೌತವಿಜ್ಞಾನದ ಅಧ್ಯಾಪಕನಿಗೆ ಇಂತಹ ಪ್ರಯೋಗ ಬಯಸಿದರೂ ದೊರೆಯಲಾರದು. ಆ ಜನ ಮಾತ್ರ ಇದನ್ನು ಬಯಸಿ ಬಂದವರಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ ಎಂದು ನಾವೆಲ್ಲರೂ ಓದಿದ್ದೇವಷ್ಟೆ. ಆ ವಾಕ್ಯದ ಕೊನೆಯಲ್ಲಿ 'ಸಮುದ್ರಮಟ್ಟದ ವಾಯುಭಾರದಲ್ಲಿ' ಎಂಬ ಮಾತೊಂದು ಇರುವುದನ್ನು ಪರೀಕ್ಷೆ ಮುಗಿದೊಡನೆ ಮರೆತುಬಿಡುತ್ತೇವೆ. ನೀರಿನೊಳಗೆ ಹುಟ್ಟಿದ ಹಬೆಯ ಗುಳ್ಳೆ ಉಬ್ಬಿ ಮೇಲೆ ಬರಬೇಕಾದರೆ, ಹಬೆಯ ಒತ್ತಡವು ಮೇಲಿನಿಂದ ಅದುಮುತ್ತಿರುವ ಗಾಳಿಯ ಒತ್ತಡಕ್ಕೆ ಸರಿಸಮವಾಗಬೇಕು. ಮೇಲೇರಿದಂತೆ ಗಾಳಿಯ ಭಾರ ಇಳಿಯುತ್ತದೆ. ಆದುದರಿಂದ ಗುಳ್ಳೆಗೆ ಕಡಿಮೆ ಉಷ್ಣತೆಯಲ್ಲಿಯೇ ಬಿಡುಗಡೆ ದೊರೆಯುತ್ತದೆ. ಸುಮಾರು 300 ಮೀಟರು ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿಯಷ್ಟು ಇಳಿಯುವುದೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಈ ಲೆಕ್ಕದಂತೆ ಮುಂಡಗೋಡದಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಯಲ್ಲಿ. ಲ್ಹಾಸಾದಲ್ಲಿ ಸುಮಾರು 88ರಲ್ಲಿ. ಅದಕ್ಕೂ ಮೇಲೆ, ಯಾಕ್ ಮೇಯಿಸುವ ಅಲೆಮಾರಿಗಳು ಡೇರೆ ಹಾಕುವ 4,500 ಮೀಟರಿನ ಬಯಲುಗಳಲ್ಲಿ 85ರ ಸುತ್ತಮುತ್ತ.

ಹತ್ತು ಡಿಗ್ರಿಯ ವ್ಯತ್ಯಾಸ ಅಷ್ಟೇನು ದೊಡ್ಡದು ಎನಿಸಬಹುದು. ಆದರೆ ಬೇಯುವುದೆಂಬುದು ರಾಸಾಯನಿಕ ಕ್ರಿಯೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂತಹ ಕ್ರಿಯೆಗಳ ವೇಗ ಸಾಮಾನ್ಯವಾಗಿ ಇಮ್ಮಡಿಯಾಗುತ್ತದೆ, ಇಳಿದರೆ ಅರ್ಧವಾಗುತ್ತದೆ. ಅಕ್ಕಿ ಗೋದಿಗಳಲ್ಲಿರುವ ಪಿಷ್ಟವು ನೀರು ಹೀರಿ ಉಬ್ಬಲು 60ರಿಂದ 80 ಡಿಗ್ರಿಯೊಳಗಿನ ಉಷ್ಣತೆ ಸಾಕು. ಆದುದರಿಂದ ಲ್ಹಾಸಾದಲ್ಲಿಯೂ ಅನ್ನವಾಗುತ್ತದೆ, ಕಾಲ ಹಿಡಿಯುತ್ತದೆ ಅಷ್ಟೆ. ಬೇಳೆಕಾಳುಗಳ ಕಥೆ ಬೇರೆ. ಅವುಗಳ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ಅಂಟು ಕರಗತೊಡಗುವುದೇ 85 ಡಿಗ್ರಿಯ ಮೇಲೆ. ಎತ್ತರದ ಬಯಲಿನಲ್ಲಿ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿಟ್ಟು ಸೌದೆಯನ್ನೆಲ್ಲ ಸುಟ್ಟರೂ ಬೇಳೆ ಬೇಳೆಯಾಗಿಯೇ ಉಳಿದೀತು. ಸೌದೆಯಾದರೂ ಅಲ್ಲಿ ಎಲ್ಲಿದೆ? ಮರವೇ ಇಲ್ಲದ ಆ ನಾಡಿನಲ್ಲಿ ಯಾಕ್‌ನ ಒಣಗಿದ ಸಗಣಿಯೇ ಉರುವಲು.

ಇಂತಹ ಕಡೆ ವಾಸಿಸುವ ಜನ ಏನು ಮಾಡಬೇಕು? ಅವರು ನೀರಿನ ಸಹವಾಸವನ್ನೇ ಬಿಟ್ಟರು. ಜವೆಗೋದಿಯನ್ನು, ಎಂದರೆ ಬಾರ್ಲಿಯನ್ನು, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಬೀಸಿ ಹಿಟ್ಟು ಮಾಡಿಟ್ಟುಕೊಂಡರು. ಇದೇ ಟಿಬೆಟನ್ನರ 'ತ್ಸಂಪಾ'. ಕುದಿಯುವ ನೀರಿಗೆ ಇರುವ ಕಟ್ಟುಪಾಡು ಮರಳಿಗೆ ಇಲ್ಲ. ಲ್ಹಾಸಾದಲ್ಲಾಗಲಿ ಮುಂಡಗೋಡದಲ್ಲಾಗಲಿ ಮರಳನ್ನು ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಬಹುದು. ಆ ಬಿಸಿಗೆ ಕಾಳಿನೊಳಗಿನ ತೇವವೇ ಹಬೆಯಾಗಿ ಕಾಳು ಅರಳುತ್ತದೆ. ಪಿಷ್ಟ ಒಳಗಿನಿಂದಲೇ ಬೇಯುತ್ತದೆ. ಉಣ್ಣುವ ಹೊತ್ತಿಗೆ ಮಾಡಬೇಕಾದುದು ಇಷ್ಟೆ: ಬೆಣ್ಣೆ ಹಾಕಿದ ಉಪ್ಪುಚಹಾದೊಡನೆ ಹಿಟ್ಟನ್ನು ಬಟ್ಟಲಲ್ಲಿ ಕಲಸಿ ಉಂಡೆ ಕಟ್ಟುವುದು. ಒಲೆಯ ಮುಂದೆ ಕಳೆಯುವ ಕಾಲವೆಂದರೆ ಚಹಾ ಕಾಯುವ ಕಾಲ.

ಕನ್ನಡ ನಾಡಿನ ಓದುಗರಿಗೆ ಇದು ಹೊಸತೆನಿಸಬೇಕಾಗಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಉಸುಕಿನೊಳಗೆ ಅಕ್ಕಿ ಅರಳುವುದನ್ನು ನೋಡಿದವರಿಗೆ ತ್ಸಂಪಾದ ಮೊದಲರ್ಧ ತಿಳಿದಂತೆಯೇ. ಉತ್ತರ ಕನ್ನಡದ ಮನೆಮನೆಯ ಅವಲಕ್ಕಿಯೂ ಅದೇ ಜಾತಿಯದು. ಭತ್ತವನ್ನು ನೆನೆಸಿ, ಹುರಿದು, ಬಿಸಿಯಾಗಿರುವಾಗಲೇ ಕುಟ್ಟಿದಾಗ ಅದರ ಪಿಷ್ಟ ಬೆಂದೂ ಆಗಿರುತ್ತದೆ, ಕಾಳು ತೆಳ್ಳಗೂ ಆಗಿರುತ್ತದೆ. ನಾಳೆ ಸಂಜೆ ಅದಕ್ಕೆ ಬೇಕಾದುದು ಒಂದಿಷ್ಟು ಮಜ್ಜಿಗೆ ಇಲ್ಲವೆ ಕಾಯಿತುರಿ ಮಾತ್ರ. ಮೈಸೂರು ಕಡೆಯ ಹುರಿಹಿಟ್ಟು, ಧಾರವಾಡ ಕಡೆಯ ಕಡಕ್ ರೊಟ್ಟಿ ಇವೆಲ್ಲವೂ ಮುಂಗಡವಾಗಿಯೇ ಬೆಂದು ಕುಳಿತ ಆಹಾರಗಳು. ಇವುಗಳಲ್ಲಿ ಕಾಲ ಉಳಿಯಿತು ಎನ್ನುವುದಕ್ಕಿಂತ, ಬಿಡುವಿದ್ದ ದಿನದ ಕಾಲವನ್ನು ಬಿಡುವಿಲ್ಲದ ಸಂಜೆಗೆ ಸಾಗಿಸಿದರು ಎನ್ನುವುದೇ ಹೆಚ್ಚು ಸರಿ. ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುವ 'ಎರಡು ನಿಮಿಷ'ದ ತಿನಿಸುಗಳ ತತ್ತ್ವವೂ ಇದಕ್ಕಿಂತ ಬೇರೆಯಲ್ಲ. ಬೇಯಿಸಿದವರು ಬೇರೆ, ಅಷ್ಟೆ.

ಇನ್ನು ಆಗಿಂದಾಗಲೇ ಬೇಯಿಸಿ ಉಣ್ಣುವ ಅಡುಗೆಗೆ ಬರೋಣ. ಮುಂಡಗೋಡದ ಕ್ಯಾಂಪುಗಳಲ್ಲಿ, ಅಲ್ಲಿನ ಜನ ತಮ್ಮ ಹಳ್ಳಿಗಳನ್ನು ಕರೆಯುವುದು ಹಾಗೆಯೇ, ಮೋಮೊ ಎಂಬ ಕಡುಬು ಹೊರಗಿನವರಿಗೆಲ್ಲ ಪರಿಚಿತ. ಹುಬ್ಬಳ್ಳಿಯಿಂದ ಬಂದ ಪ್ರವಾಸಿ ಮೋಮೊ ತಿನ್ನದೆ ಹೋಗುವುದಿಲ್ಲ. ಆದರೆ ಮೋಮೊ ಅವಸರದ ಅಡುಗೆಯಲ್ಲ. ಹತ್ತಾರು ಬೆರಳುಗಳು ಒಟ್ಟಾಗಿ ಕುಳಿತು ಮಡಿಚಬೇಕಾದ ರಜಾದಿನದ ಅಡುಗೆ. ದುಡಿದು ಬಂದ ಸಂಜೆಗೆ ಹೇಳಿ ಮಾಡಿಸಿದ್ದು 'ಥೆಂಥುಕ್'. ಇದು ತುಕ್ಪಾ ಎಂಬ ಸಾರಿನ ಒಂದು ಬಗೆ. ಕಲಸಿದ ಗೋದಿ ಹಿಟ್ಟನ್ನು ಪಟ್ಟಿಯಂತೆ ಎಳೆದು, ಹೆಬ್ಬೆರಳಗಲದ ಚೂರುಗಳಾಗಿ ಕಿತ್ತು, ಕುದಿಯುವ ಸಾರಿಗೆ ನೇರವಾಗಿ ಎಸೆಯುತ್ತಾರೆ. 'ಥೆನ್' ಎಂದರೆ ಎಳೆಯುವುದು. ಅಡುಗೆಯ ಹೆಸರಿನಲ್ಲಿಯೇ ಅದರ ಭೌತವಿಜ್ಞಾನವೂ ಇದೆ.

ಹೇಗೆಂದರೆ, ಘನವಸ್ತುವಿನ ಒಳಗೆ ಶಾಖ ಸಾಗುವುದು ವಹನದಿಂದ. ಅಣುವಿನಿಂದ ಅಣುವಿಗೆ, ಕೈಯಿಂದ ಕೈಗೆ ಬಿಂದಿಗೆ ದಾಟಿಸಿದಂತೆ. ಈ ನಡಿಗೆಯ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿಶದಪಡಿಸಿದನು. ಅದರಿಂದ ಹೊರಡುವ ಒಂದು ಫಲಿತಾಂಶ ಅಡುಗೆಯವರಿಗೆ ಬಹು ಉಪಯುಕ್ತ: ವಸ್ತುವಿನ ನಡುವನ್ನು ಶಾಖ ತಲುಪುವ ಕಾಲವು ದಪ್ಪದ ವರ್ಗದಂತೆ ಹೆಚ್ಚುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ದಪ್ಪ ಐದನೆಯ ಒಂದು ಪಾಲಾದರೆ ಕಾಲ ಇಪ್ಪತ್ತೈದನೆಯ ಒಂದು ಪಾಲು. ನೀರಿನಂಶ ತುಂಬಿದ ತರಕಾರಿ, ಹಿಟ್ಟು, ಮಾಂಸ ಇವುಗಳಿಗೆಲ್ಲ ಒಂದೇ ಲೆಕ್ಕ ಸಾಕು. ದಪ್ಪದ ಅರ್ಧವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 0.14ರಿಂದ ಭಾಗಿಸಿದರೆ ಶಾಖವು ನಡುವನ್ನು ತಲುಪುವ ಕಾಲ ಸೆಕೆಂಡುಗಳಲ್ಲಿ ಹೆಚ್ಚುಕಡಮೆ ದೊರೆಯುತ್ತದೆ. ಎರಡು ಮಿಲಿಮೀಟರು ದಪ್ಪದ ಥೆಂಥುಕ್ ಚೂರಿಗೆ ಈ ಕಾಲ ಏಳೇ ಸೆಕೆಂಡು! ಉರುಟಾದ ವಸ್ತುವಿಗೆ ಎಲ್ಲ ದಿಕ್ಕುಗಳಿಂದಲೂ ಶಾಖ ನುಗ್ಗುವುದರಿಂದ ಬಂದ ಉತ್ತರದ ಮೂರನೆಯ ಒಂದು ಪಾಲನ್ನು ಹಿಡಿಯಬೇಕು. ಐದು ಸೆಂಟಿಮೀಟರು ಅಡ್ಡಗಲದ ಇಡೀ ಆಲೂಗಡ್ಡೆಗೆ ಇಪ್ಪತ್ತೈದು ನಿಮಿಷ ಬರುತ್ತದೆ. ಅದನ್ನೇ ಒಂದು ಸೆಂಟಿಮೀಟರಿನ ಹೋಳುಗಳಾಗಿ ಹೆಚ್ಚಿದರೆ ಒಂದು ನಿಮಿಷ. ನಮ್ಮ ವಿದ್ಯಾರ್ಥಿಗಳು ಫೂರಿಯೇಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಇಡೀ ಆಲೂಗಡ್ಡೆ ಬೇಯಲು ಅರ್ಧ ಗಂಟೆ ಏಕೆಂದು ಕೇಳಿದರೆ ಗ್ಯಾಸಿನ ಕಡೆಗೆ ಬೆರಳು ತೋರುತ್ತಾರೆ.

ಹಾಗೆಂದು ತರಕಾರಿಯನ್ನು ಎಳ್ಳಿನಷ್ಟು ಸಣ್ಣದಾಗಿ ಕೊಚ್ಚುತ್ತ ಕುಳಿತುಕೊಳ್ಳಬೇಕಾಗಿಲ್ಲ. ಶಾಖ ನಡುವನ್ನು ತಲುಪಿದ ಮೇಲೆಯೂ ಪಿಷ್ಟ ಉಬ್ಬಿ ಪೆಕ್ಟಿನ್ ಸಡಿಲಗೊಳ್ಳಲು ಐದಾರು ನಿಮಿಷ ಬೇಕೇ ಬೇಕು. ಆದುದರಿಂದ ಒಂದು ಸೆಂಟಿಮೀಟರಿಗಿಂತ ಕಿರಿದಾಗಿಸಿದರೆ ಒಲೆಯ ಮೇಲೆ ಉಳಿದ ಅರೆನಿಮಿಷವನ್ನು ಈಳಿಗೆಯ ಮುಂದೆ ಐದು ನಿಮಿಷವಾಗಿ ತೆರಬೇಕಾಗುತ್ತದೆ. ಜೋಳದ ರೊಟ್ಟಿ ತಟ್ಟುವ ಹೆಂಗಸರಿಗೆ ಈ ಹದ ಗೊತ್ತು. ತೆಳ್ಳಗಿದ್ದಷ್ಟೂ ಬೇಗ ಬೇಯುತ್ತದೆ. ತೀರ ತೆಳ್ಳಗಾದರೆ ಹಂಚಿಗೆ ಹಾಕುವಾಗಲೇ ಹರಿಯುತ್ತದೆ.

ನಾಲ್ವರ ಕುಟುಂಬಕ್ಕೆ ಥೆಂಥುಕ್ ಮಾಡುವ ಕ್ರಮವನ್ನು ಗಡಿಯಾರದೊಡನೆ ಗಮನಿಸೋಣ. ಮನೆಗೆ ಬಂದೊಡನೆ ಕಾಲು ಕಿಲೋ ಗೋದಿ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ ನೀರಿನಲ್ಲಿ ಮೆತ್ತಗೆ ಕಲಸಿ, ಎಣ್ಣೆ ಸವರಿ ಮುಚ್ಚಿಡಬೇಕು. ಇದಕ್ಕೆ ಐದು ನಿಮಿಷ. ಶಾಲೆಯಿಂದ ಮೊದಲು ಬಂದ ದೊಡ್ಡ ಮಕ್ಕಳೇ ಈ ಕೆಲಸ ಮಾಡಿಟ್ಟರೆ ಇನ್ನೂ ಒಳ್ಳೆಯದು. ಏಕೆಂದರೆ ಕಲಸಿದ ಹಿಟ್ಟಿನ ಅಂಟುಜಾಲ ಬಿಗಿದುಕೊಂಡಿರುತ್ತದೆ, ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಸಡಿಲಗೊಂಡು, ಎಳೆದಾಗ ಹರಿಯದೆ ತೆಳ್ಳಗಾಗುತ್ತದೆ. ಅಷ್ಟರಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶುಂಠಿ, ಟೊಮೇಟೊಗಳನ್ನು ಎಣ್ಣೆಯಲ್ಲಿ ಬಾಡಿಸಿ, ಮೂಲಂಗಿಯನ್ನೂ ಆಲೂಗಡ್ಡೆಯನ್ನೂ ತೆಳುವಾಗಿ ಹೆಚ್ಚಿ ಹಾಕಿ, ಒಂದೂವರೆ ಲೀಟರು ನೀರು ಸುರಿದು ಮುಚ್ಚಿದರೆ ಹತ್ತು ನಿಮಿಷದಲ್ಲಿ ಸಾರು ಕುದಿಯುತ್ತದೆ. ಮಾಂಸ ತಿನ್ನುವವರು ಅದನ್ನೂ ಎಳೆಎಳೆಯಾಗಿ ಸೀಳಿ ಹಾಕುತ್ತಾರೆ. ಸಾರು ಕುದಿಯುವಾಗ ಮನೆಯವರೆಲ್ಲರೂ ಪಾತ್ರೆಯ ಸುತ್ತ ನಿಂತು ಹಿಟ್ಟು ಎಳೆದು ಕಿತ್ತು ಎಸೆಯುತ್ತಾರೆ. ಕೊನೆಯ ಚೂರು ಬಿದ್ದ ಮೂರು ನಾಲ್ಕು ನಿಮಿಷಕ್ಕೆ ಎಲ್ಲವೂ ತೇಲುತ್ತದೆ. ಪಾಲಕ್ ಸೊಪ್ಪನ್ನು ಹಾಕಿ ಇಳಿಸಿದರೆ ಮುಗಿಯಿತು. ಅರ್ಧ ಗಂಟೆ, ಒಂದೇ ಒಲೆ, ಒಂದೇ ಪಾತ್ರೆ. ಬಸಿದು ಚೆಲ್ಲುವ ನೀರೂ ಇಲ್ಲ. ಕಾಯಿಸಿದ ಪ್ರತಿಯೊಂದು ಹನಿಯೂ ಊಟದಲ್ಲಿಯೇ ಸೇರುತ್ತದೆ.

ಈ ಕಡೆಯ ಮಾತು ನೋಡಲು ಸಣ್ಣದು, ಲೆಕ್ಕಕ್ಕೆ ದೊಡ್ಡದು. ಒಂದು ಲೀಟರು ನೀರನ್ನು 25 ಡಿಗ್ರಿಯಿಂದ 98 ಡಿಗ್ರಿಗೆ ಏರಿಸಲು 73 ಕಿಲೋಕ್ಯಾಲೊರಿ ಶಾಖ ಬೇಕು. ಮನೆಯ ಗ್ಯಾಸ್ ಒಲೆಗೆ ಇದು ನಾಲ್ಕೈದು ನಿಮಿಷದ ಕೆಲಸ. ಬೇಕಾದುದಕ್ಕಿಂತ ಎರಡು ಲೀಟರು ಹೆಚ್ಚು ನೀರಿಟ್ಟವರು ಹತ್ತು ನಿಮಿಷವನ್ನು ಅಲ್ಲಿಯೇ ಕಳೆದುಕೊಂಡರೆಂದು ತಿಳಿಯಬೇಕು. ಅದೇ ಒಂದು ಲೀಟರನ್ನು ಪೂರ್ತಿ ಹಬೆಯಾಗಿಸಲು ಬೇಕಾಗುವುದು ಸುಮಾರು 540 ಕಿಲೋಕ್ಯಾಲೊರಿ, ಎಂದರೆ ಏಳು ಪಟ್ಟಿಗೂ ಮೇಲೆ. ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ 98 ಡಿಗ್ರಿಯನ್ನು ಬಿಟ್ಟು ಕದಲುವುದಿಲ್ಲ. ಹೆಚ್ಚಿನ ಶಾಖವೆಲ್ಲ ಹಬೆಯನ್ನು ಹುಟ್ಟಿಸುವುದರಲ್ಲಿಯೇ ವ್ಯಯವಾಗಿ ಮಾಡಿನ ಕಡೆಗೆ ಹಾರಿಹೋಗುತ್ತದೆ. ಕೊತಕೊತನೆ ಕುದಿಯುವ ಸಾರೂ ಮೆಲ್ಲಗೆ ಕುದಿಯುವ ಸಾರೂ ಒಂದೇ ವೇಗದಲ್ಲಿ ಬೇಯುತ್ತವೆ. ಕುದಿ ಬರುವವರೆಗೆ ಜೋರು ಉರಿ ಮತ್ತು ಮುಚ್ಚಳ, ಬಂದ ಮೇಲೆ ಸಣ್ಣ ಉರಿ: ಇಷ್ಟನ್ನು ಪಾಲಿಸಿದರೆ ಸಿಲಿಂಡರು ತಿಂಗಳ ಕೊನೆಯವರೆಗೆ ಬಂದೀತು. ಉಪ್ಪು ಹಾಕಿದರೆ ನೀರಿನ ಕುದಿಬಿಂದು ಏರಿ ಅಡುಗೆ ಬೇಗನೆ ಆಗುತ್ತದೆಂದು ಕೆಲವರು ವಾದಿಸುವುದುಂಟು. ತತ್ತ್ವ ನಿಜ; ಆದರೆ ಒಂದು ಲೀಟರಿಗೆ ಹತ್ತು ಗ್ರಾಂ ಉಪ್ಪು ಹಾಕಿದರೆ ಏರುವುದು ಒಂದು ಡಿಗ್ರಿಯ ಐದನೆಯ ಒಂದು ಪಾಲಿಗೂ ಕಡಿಮೆ. ಅದು ರುಚಿಗೆ ಮಾತ್ರ ಬಂದ ಉಪ್ಪು.

ಹಾರಿಹೋಗುವ ಹಬೆಯನ್ನು ಹಿಡಿದು ದುಡಿಸಿಕೊಳ್ಳುವುದೇ ಮೋಮೊ ಪಾತ್ರೆಯ ಯುಕ್ತಿ. ತಳದಲ್ಲಿ ಅರ್ಧ ಲೀಟರು ನೀರು ಅಥವಾ ಸಾರು. ಅದರ ಮೇಲೆ ತೂತುಗಳಿರುವ ತಟ್ಟೆಗಳು ಅಂತಸ್ತು ಅಂತಸ್ತಾಗಿ. ಹಬೆಯ ಉಷ್ಣತೆ ಕುದಿಯುವ ನೀರಿನದಕ್ಕಿಂತ ಹೆಚ್ಚೇನಲ್ಲ. ಆದರೆ ತಣ್ಣಗಿನ ಕಡುಬನ್ನು ಮುಟ್ಟಿದೊಡನೆ ಅದು ನೀರಾಗಿ ಇಳಿಯುತ್ತದೆ. ಇಳಿಯುವಾಗ ಗ್ರಾಮಿಗೆ 540 ಕ್ಯಾಲೊರಿಯಂತೆ ತನ್ನ ಗುಪ್ತೋಷ್ಣವನ್ನು ಅಲ್ಲಿಯೇ ಒಪ್ಪಿಸುತ್ತದೆ. ಹಬೆ ತಾನಾಗಿಯೇ ಹೆಚ್ಚು ತಣ್ಣಗಿರುವ ಕಡೆಗೆ ಹೋಗಿ ಸುರಿಯುವುದರಿಂದ ಮೇಲಿನ ಅಂತಸ್ತೂ ಕೆಳಗಿನದೂ ಬಹುಮಟ್ಟಿಗೆ ಒಟ್ಟಿಗೇ ಬೇಯುತ್ತವೆ. ನಮ್ಮ ಇಡ್ಲಿ ಪಾತ್ರೆ ಇದರ ಒಡಹುಟ್ಟು. ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ ಅವರು 1910ರಲ್ಲಿ ರೂಪಿಸಿದ 'ಇಕ್ಮಿಕ್ ಕುಕ್ಕರ್' ಇದೇ ತತ್ತ್ವವನ್ನು ಸಣ್ಣ ಸಂಸಾರಕ್ಕೂ ಒಂಟಿ ನೌಕರನಿಗೂ ಒಗ್ಗಿಸಿತು. ಡಬ್ಬಿಗಳಲ್ಲಿ ಅಕ್ಕಿ, ಬೇಳೆ, ಪಲ್ಯ ಇಟ್ಟು, ಕೆಳಗೆ ಕೆಂಡ ಹಾಕಿ ಹೊರಟುಹೋದರೆ ಮರಳುವ ಹೊತ್ತಿಗೆ ಊಟ ಸಿದ್ಧ.

ಆದರೆ ಹಬೆ ಎಷ್ಟೇ ಉದಾರಿಯಾದರೂ 98 ಡಿಗ್ರಿಯ ಗೆರೆಯನ್ನು ದಾಟಲಾರದು. ಅದನ್ನು ದಾಟಿಸಿದವನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ. 1679ರಲ್ಲಿ ಲಂಡನ್ನಿನಲ್ಲಿದ್ದಾಗ ಆತನು ಬಿಗಿಯಾಗಿ ಮುಚ್ಚುವ ಕಬ್ಬಿಣದ ಪಾತ್ರೆಯೊಂದನ್ನು ತೋರಿಸಿದನು. ಅದು ಸಿಡಿಯದಂತೆ ರಕ್ಷಣಾ ಕವಾಟವನ್ನೂ ಅಳವಡಿಸಿದನು. 1682ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಆ ಪಾತ್ರೆಯಲ್ಲಿ ಬೇಯಿಸಿದ ಊಟವನ್ನೇ ಬಡಿಸಿದರಂತೆ. ಮೂಳೆಗಳು ಸಹ ಮೆತ್ತಗಾಗಿದ್ದುದನ್ನು ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇಂದು ನಮ್ಮ ಅಡುಗೆಮನೆಗಳಲ್ಲಿ ಸೀಟಿ ಹಾಕುವ ಕುಕ್ಕರು ಇದರ ವಂಶಜ.

ಕುಕ್ಕರಿನ ಮೇಲಿನ ತೂಕ ಹೊರಗಿನ ಗಾಳಿಯ ಒತ್ತಡಕ್ಕೆ ತನ್ನದೊಂದು ಪಾಲನ್ನು, ಚದರ ಸೆಂಟಿಮೀಟರಿಗೆ ಹೆಚ್ಚುಕಡಮೆ ಒಂದು ಕಿಲೋಗ್ರಾಂ ಭಾರವನ್ನು, ಸೇರಿಸುತ್ತದೆ. ಮುಂಡಗೋಡದಲ್ಲಿ ಹೀಗೆ ಒಳಗಿನ ಒಟ್ಟು ಒತ್ತಡ ಸುಮಾರು 1.9 ವಾಯುಭಾರವಾಗಿ ನೀರು 119 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ತೆರೆದ ಪಾತ್ರೆಗಿಂತ 21 ಡಿಗ್ರಿ ಹೆಚ್ಚು; ಹತ್ತಕ್ಕೆ ಇಮ್ಮಡಿಯೆಂಬ ನಿಯಮದಂತೆ ನಾಲ್ಕು ಪಟ್ಟು ವೇಗ. ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಬೇಳೆ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುವುದು ಇದರಿಂದಲೇ. ಅದೇ ಕುಕ್ಕರನ್ನು ಲ್ಹಾಸಾಕ್ಕೆ ಒಯ್ದರೆ? ಅಲ್ಲಿ ಹೊರಗಿನ ಒತ್ತಡ 0.64 ವಾಯುಭಾರ, ತೂಕದ ಪಾಲು ಸೇರಿ 1.6, ನೀರು ಕುದಿಯುವುದು 114ರಲ್ಲಿ. ತೆರೆದ ಪಾತ್ರೆಗಳಲ್ಲಿ ಎರಡು ಊರುಗಳ ನಡುವೆ ಇದ್ದ ಹತ್ತು ಡಿಗ್ರಿಯ ಅಂತರ ಕುಕ್ಕರಿನೊಳಗೆ ಐದಕ್ಕೆ ಇಳಿಯಿತು! ಕುಕ್ಕರಿನ ಉಪಕಾರ ತಗ್ಗಿನವರಿಗಿಂತ ಎತ್ತರದವರಿಗೇ ಹೆಚ್ಚು. ಲಡಾಖಿನಲ್ಲಿಯೂ ಟಿಬೆಟಿನಲ್ಲಿಯೂ ಈಗ ಕುಕ್ಕರು ಮನೆಯ ಮುಖ್ಯ ಪಾತ್ರೆಗಳಲ್ಲೊಂದಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಟಿಬೆಟನ್ನರು ಬೇಳೆಸಾರು ಉಣ್ಣಲು ಕಲಿತದ್ದು ಮಾತ್ರ ಹೆಚ್ಚಾಗಿ ಈ ತಗ್ಗಿನ ನಾಡಿಗೆ ಬಂದ ಮೇಲೆ.

ಸೀಟಿಗಳನ್ನು ಎಣಿಸುವ ಪದ್ಧತಿಯ ಬಗ್ಗೆ ನಮ್ಮದೊಂದು ತಕರಾರು ಇದೆ. ಸೀಟಿಯೆಂದರೆ ಹೆಚ್ಚಾದ ಹಬೆ ಹೊರಬಿದ್ದ ಸದ್ದು. ಉರಿ ದೊಡ್ಡದಿದ್ದರೆ ಮೂರು ಸೀಟಿ ಮೂರು ನಿಮಿಷದಲ್ಲಿ ಬಂದಾವು, ಸಣ್ಣದಿದ್ದರೆ ಹತ್ತು ನಿಮಿಷವಾದೀತು. ಬೇಯುವುದಕ್ಕೆ ಬೇಕಾದುದು ನಿಮಿಷಗಳು, ಸದ್ದಲ್ಲ. ಮೊದಲ ಸೀಟಿಯಾದೊಡನೆ ಉರಿ ತಗ್ಗಿಸಿ ಗಡಿಯಾರ ನೋಡುವುದು ಸರಿಯಾದ ಕ್ರಮ. ಬೇಳೆಯೊಡನೆ ಹುಣಸೆಹುಳಿ, ಟೊಮೇಟೊಗಳನ್ನು ಮೊದಲೇ ಹಾಕಬಾರದೆಂದು ಅಜ್ಜಿಯರು ಹೇಳುವುದು ನೂರಕ್ಕೆ ನೂರು ನಿಜ. ಹುಳಿಯಲ್ಲಿ ಪೆಕ್ಟಿನ್ ಬೇಗನೆ ಕರಗುವುದಿಲ್ಲ. ಅಡುಗೆಸೋಡ ಹಾಕಿದರೆ ಬೇಗನೆ ಕರಗುತ್ತದೆ, ಹೌದು. ಜೊತೆಗೆ ಬೇಳೆಯಲ್ಲಿರುವ ಬಿ-1 ಜೀವಸತ್ವವೂ ನಾಶವಾಗುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಕಾಳನ್ನು ನೆನೆಹಾಕುವುದು ಇದಕ್ಕಿಂತ ಎಷ್ಟೋ ಮೇಲು. ನೀರು ಕಾಳಿನ ನಡುವಿಗೆ ನಡೆಯುವುದೂ ದಪ್ಪದ ವರ್ಗದ ನಿಯಮದಂತೆಯೇ, ಆದರೆ ಶಾಖಕ್ಕಿಂತ ಬಹು ನಿಧಾನವಾಗಿ. ಆ ನಿಧಾನವನ್ನು ನಾವು ಮನೆಯಲ್ಲಿಲ್ಲದ ಹೊತ್ತಿಗೆ ಹಾಕಿಬಿಟ್ಟರೆ ಸಂಜೆ ಅದರ ಕಾಟವಿಲ್ಲ.

ಕಾಲೊನಿಯಲ್ಲಿ ಇನ್ನೊಂದು ಬಗೆಯ ಅಡುಗೆಮನೆಯೂ ಇದೆ. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾದ ಗಂದೆನ್, 1416ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಮಹಾವಿಹಾರಗಳು ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿ ನಿಂತಿವೆ. ಅಲ್ಲಿ ಸಾವಿರಾರು ಭಿಕ್ಷುಗಳಿಗೆ ಒಟ್ಟಿಗೆ ಅಡುಗೆಯಾಗಬೇಕು. ಮೂರು ಲೀಟರಿನ ಪಾತ್ರೆಯ ಬದಲು ಅದೇ ಆಕಾರದ ಮುನ್ನೂರು ಲೀಟರಿನ ಹಂಡೆಯನ್ನು ಊಹಿಸಿರಿ. ಒಳಗಿನ ಪದಾರ್ಥ ನೂರು ಪಟ್ಟು. ಉರಿ ತಾಗುವ ತಳ ಸುಮಾರು ಇಪ್ಪತ್ತೊಂದೂವರೆ ಪಟ್ಟು ಮಾತ್ರ. ತಳದ ಪ್ರತಿ ಅಂಗುಲಕ್ಕೂ ಅಷ್ಟೇ ಶಾಖ ಕೊಟ್ಟರೆ ಕುದಿ ಬರಲು ನಾಲ್ಕೂವರೆ ಪಟ್ಟಿಗೂ ಮಿಕ್ಕಿ ಕಾಲ ಬೇಕು. ಆದುದರಿಂದ ದೊಡ್ಡ ಅಡುಗೆಗೆ ಬೆಳಗಿನ ಜಾವವೇ ಏಳಬೇಕು. ಆದರೆ ಒಮ್ಮೆ ಕಾದ ಹಂಡೆ ಬೇಗನೆ ಆರುವುದೂ ಇಲ್ಲ. ಮನೆಯವರು ಇದನ್ನು ತಿರುಗಿಸಿ ಓದಿಕೊಳ್ಳಬಹುದು: ಅವಸರವಿದ್ದಾಗ ಒಂದು ದೊಡ್ಡ ಪಾತ್ರೆಯನ್ನು ಒಂದು ಒಲೆಯ ಮೇಲಿಡುವುದಕ್ಕಿಂತ, ಅದನ್ನೇ ಎರಡು ಸಣ್ಣ ಪಾತ್ರೆಗಳಿಗೆ ಹಂಚಿ ಎರಡು ಒಲೆಗಳ ಮೇಲಿಟ್ಟರೆ ಬೇಗ.

ಎರಡು ಒಲೆಗಳೂ ಇಲ್ಲದ ಸಂದರ್ಭಗಳುಂಟು. ಚಳಿಗಾಲ ಬಂದಿತೆಂದರೆ ಕಾಲೊನಿಯ ಅನೇಕ ಕುಟುಂಬಗಳವರು ಉಣ್ಣೆಯ ಅಂಗಿಗಳ ಗಂಟು ಕಟ್ಟಿಕೊಂಡು ಪಟ್ಟಣಗಳಿಗೆ ವ್ಯಾಪಾರಕ್ಕೆ ಹೊರಡುತ್ತಾರೆ. ಮಕ್ಕಳೂ ಮುದುಕರೂ ಊರಿನಲ್ಲಿ. ದುಡಿಯುವವರು ಎರಡು ಮೂರು ತಿಂಗಳು ಬಾಡಿಗೆಯ ಕೋಣೆಯಲ್ಲಿ. ರಾತ್ರಿ ಅಂಗಡಿ ಮುಚ್ಚಿ ಬರುವಾಗ ಒಂಬತ್ತು ದಾಟಿರುತ್ತದೆ. ಇರುವುದು ಒಂದೇ ಒಲೆ. ಇಂಥವರಿಗೆ ನಾವು ಸೂಚಿಸುವ ಉಪಾಯ ಅವರ ಗಂಟಿನಲ್ಲಿಯೇ ಇದೆ. ಉಣ್ಣೆ ಬೆಚ್ಚಗಿಡುವುದು ತನ್ನಲ್ಲಿ ಶಾಖವಿರುವುದರಿಂದಲ್ಲ. ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ದಾಟಗೊಡದೆ ಇರುವುದರಿಂದ. ಅಕ್ಕಿಯನ್ನು ಅಳತೆಯ ನೀರಿನಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ, ಬಿಗಿಯಾದ ಮುಚ್ಚಳ ಹಾಕಿ, ಒಲೆಯಿಂದ ಇಳಿಸಿ, ಹಳೆಯ ಕಂಬಳಿಯನ್ನು ನಾಲ್ಕು ಬೆರಳು ದಪ್ಪವಾಗಿ ಸುತ್ತಲೂ ಮೇಲೂ ಕೆಳಗೂ ಒತ್ತರಿಸಿದರೆ, ತುಂಬಿದ ಪಾತ್ರೆ ಒಂದು ಗಂಟೆಯಲ್ಲಿ ಕೆಲವೇ ಡಿಗ್ರಿ ಇಳಿಯುತ್ತದೆ. ಪಿಷ್ಟ ಬೇಯಲು 80 ಡಿಗ್ರಿ ಸಾಕೆಂದು ಆಗಲೇ ಹೇಳಿದೆವು. ಅನ್ನ ಕಂಬಳಿಯೊಳಗೆ ಅರಳುತ್ತಿರುವಾಗ ಖಾಲಿಯಾದ ಒಲೆಯ ಮೇಲೆ ಸಾರು ಕುದಿಯುತ್ತದೆ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಪಾತ್ರೆಯನ್ನು ಹುದುಗಿಸುವ ಈ ಪದ್ಧತಿ, ಉರುವಲು ತುಟ್ಟಿಯಾದ ಯುದ್ಧಕಾಲದ ಯೂರೋಪಿನಲ್ಲಿಯೂ ಬಳಕೆಯಲ್ಲಿತ್ತು.

ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ರಾಜ್ಮಾ ಕಾಳನ್ನು ಈ ವಿಧಾನದಿಂದ ಎಂದಿಗೂ ಬೇಯಿಸಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷವು 80 ಡಿಗ್ರಿಯಲ್ಲಿ ನಾಶವಾಗದೆ ವಾಂತಿಭೇದಿಗಳನ್ನು ತರುತ್ತದೆ. ಅದನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಕುಕ್ಕರಿನಲ್ಲಿಯೇ ಮೆತ್ತಗೆ ಬೇಯಿಸಬೇಕು. ಇನ್ನು ಕಂಬಳಿಯೊಳಗಿನ ಅನ್ನವನ್ನು ಆ ರಾತ್ರಿಯೇ ಬಿಸಿಬಿಸಿಯಾಗಿ ಉಂಡು ಮುಗಿಸಬೇಕು. ಉಷ್ಣತೆ 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗಾದರೆ, ಕುದಿಯಲ್ಲಿಯೂ ಸಾಯದೆ ಉಳಿದ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆತು ವೃದ್ಧಿಯಾಗುತ್ತವೆ; ಅವು ಉತ್ಪಾದಿಸಿದ ವಿಷ ಬೆಳಗ್ಗೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.